ದನಿಗೆ ಜೀವ ತಂದ ಅಲನ್ ಬ್ಲೂಮ್ಲೈನ್

ಮಹನೀಯರ ಚರಿತ್ರೆಯನ್ನು ಬರೆಯಹೊರಟಾಗ ನಾವು ಸಾಮಾನ್ಯವಾಗಿ ರಾಜ್ಯ ಕಟ್ಟಿದವರನ್ನೂ ಕಾವ್ಯ ಬರೆದವರನ್ನೂ ಆರಿಸಿಕೊಳ್ಳುತ್ತೇವೆ. ಅದು ಸಹಜವೇ. ಆದರೆ ದಿನವೂ ನಮ್ಮ ಮನೆಯ ಮೂಲೆಯಲ್ಲಿ ಕುಳಿತು ನಮಗೆ ಸಂತೋಷ ಕೊಡುತ್ತಿರುವ ಎಷ್ಟೋ ವಸ್ತುಗಳ ಹಿಂದೆಯೂ ಒಬ್ಬೊಬ್ಬ ಮನುಷ್ಯನ ಬಾಳುವೆ ಅಡಗಿದೆ. ವಸ್ತುವನ್ನು ಬಲ್ಲ ನಾವು ಆ ಮನುಷ್ಯನನ್ನು ಅರಿಯೆವು. ಅಂಥವರಲ್ಲಿ ಒಬ್ಬನು ಇಂಗ್ಲೆಂಡಿನ ಅಲನ್ ಡೋವರ್ ಬ್ಲೂಮ್ಲೈನ್. ಧ್ವನಿವಿಜ್ಞಾನವನ್ನು ಬಲ್ಲವರಲ್ಲಿ ಆತನ ಹೆಸರು ಬಹು ದೊಡ್ಡದು. ನನಗಾದರೋ ಆ ಹೆಸರು ತಿಳಿದುಬಂದದ್ದು ನಮ್ಮ ಮನೆಯಲ್ಲಿ ಆದ ಒಂದು ಸಣ್ಣ ತೊಂದರೆಯಿಂದ. ಆದುದರಿಂದ ಮೊದಲು ಆ ತೊಂದರೆಯನ್ನು ಹೇಳಿ ಮುಂದುವರಿಯುವುದಕ್ಕೆ ವಾಚಕರು ಅಪ್ಪಣೆ ಕೊಡಬೇಕು.

ನಮ್ಮ ತಂದೆಯವರು ಮೂವತ್ತು ವರ್ಷಗಳಿಂದ ವಿದ್ಯುತ್ ಮಗ್ಗದ ಮೇಲೆ ದುಡಿಯುತ್ತಿರುವವರು. ಅವರು ಶಾಲೆಗೆ ಹೋದದ್ದು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. ಆದರೆ ಮಲ್ಲಿಕಾರ್ಜುನ ಮನಸೂರರ ವಚನಗಾಯನವೆಂದರೆ ಊಟವನ್ನೂ ಮರೆಯುವವರು. ಕಳೆದ ವರ್ಷ ಅವರು ಬಹುಕಾಲದ ಆಸೆಯೊಂದನ್ನು ತೀರಿಸಿಕೊಂಡು, ಯಾರೋ ಬಳಸಿ ಬಿಟ್ಟಿದ್ದ ಒಂದು ಆಂಪ್ಲಿಫಯರನ್ನೂ ಎರಡು ಸ್ಪೀಕರುಗಳನ್ನೂ ಕೊಂಡು ತಂದರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ ಅವುಗಳ ತಂತಿ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಜೋಡಿಸಿದೆ. ಹಾಡು ಬಂತು. ಆದರೆ ಅದರಲ್ಲಿ ಜೀವವಿರಲಿಲ್ಲ. ತಬಲದ ಜೊತೆಯ ಡಗ್ಗದ ಗುಮಿಕೆ ಎಲ್ಲಿಯೋ ಅಡಗಿತ್ತು. ಗಾಯಕರ ಕಂಠ ತೆಳ್ಳಗಾಗಿ, ಎದೆಯಿಂದಲ್ಲದೆ ಗೋಡೆಯಿಂದ ಬಂದಂತೆ ಕೇಳುತ್ತಿತ್ತು. ಗುಂಡಿ ತಿರುಗಿಸಿ ಸದ್ದು ಹೆಚ್ಚಿಸಿದರೆ ಕರ್ಕಶತೆ ಹೆಚ್ಚಿತೇ ಹೊರತು ತುಂಬು ಬರಲಿಲ್ಲ. ತಂದೆಯವರು ಒಂದು ವಾರ ಸುಮ್ಮನೆ ಕೇಳಿದರು. ಕೊನೆಗೆ, ಮಗ್ಗದ ಸದ್ದಿನಲ್ಲಿ ತಮ್ಮ ಕಿವಿಗಳೇ ಸವೆದುಹೋಗಿರಬೇಕು, ಯಂತ್ರದ ತಪ್ಪಲ್ಲ ಎಂದುಕೊಂಡು ಅದನ್ನು ಹಾಕುವುದನ್ನೇ ಬಿಟ್ಟರು.

ತಿಂಗಳ ಮೇಲೆ, ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡುವ ಹಿರಿಯರೊಬ್ಬರು ಮನೆಗೆ ಬಂದರು. ಒಂದು ನಿಮಿಷ ಕೇಳಿ, ಯಾವ ಭಾಗವನ್ನೂ ಬಿಚ್ಚದೆ, ಒಂದು ಸ್ಪೀಕರಿನ ಹಿಂದಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರು. ಡಗ್ಗ ಮನೆಯ ನಡುವೆ ಬಂದು ಕುಳಿತಿತು! ಕೇವಲ ಎರಡು ತಂತಿ ಬದಲಾದುದರಿಂದ ಇಷ್ಟೆಲ್ಲ ಹೇಗಾಯಿತೆಂದು ಕೇಳಿದಾಗ ಅವರು ಬ್ಲೂಮ್ಲೈನನ ಹೆಸರು ಹೇಳಿ, ಆತನ ವಿಷಯ ಓದಿ ನೋಡೆಂದರು. ಹಾಗೆ ಓದಿದುದರ ಸಾರವೇ ಈ ಲೇಖನ.

ಅಲನ್ ಬ್ಲೂಮ್ಲೈನ್ 1903ನೆಯ ಜೂನ್ 29ರಂದು ಲಂಡನ್ನಿನ ಹ್ಯಾಂಪ್‌ಸ್ಟೆಡ್ ಎಂಬಲ್ಲಿ ಜನಿಸಿದನು. ತಂದೆ ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನ ಪ್ರಜೆಯಾದವನು. ತಾಯಿ, ದಕ್ಷಿಣ ಆಫ್ರಿಕಕ್ಕೆ ಹೋಗಿ ನೆಲಸಿದ್ದ ಸ್ಕಾಟ್ಲೆಂಡಿನ ಪಾದ್ರಿಯೊಬ್ಬನ ಮಗಳು. ಬಾಲಕನಾಗಿದ್ದಾಗಲೇ ಆತನಿಗೆ ಯಂತ್ರಗಳಲ್ಲಿ ವಿಶೇಷ ಆಸಕ್ತಿ. ಏಳು ವರ್ಷದವನಿದ್ದಾಗ ಮನೆಯ ಬಾಗಿಲ ಗಂಟೆಯನ್ನು ರಿಪೇರಿ ಮಾಡಿ, ವಿದ್ಯುತ್ ಇಂಜಿನಿಯರನೆಂದು ಸಹಿ ಹಾಕಿ, ತಂದೆಗೆ ಬಿಲ್ಲು ಬರೆದುಕೊಟ್ಟನಂತೆ. ಆದರೆ ಇದಕ್ಕಿಂತಲೂ ನನ್ನ ಮನಸ್ಸನ್ನು ತಟ್ಟಿದ ಸಂಗತಿ ಬೇರೊಂದಿದೆ. ಹನ್ನೆರಡು ವರ್ಷವಾಗುವವರೆಗೂ ಆತನಿಗೆ ಸರಿಯಾಗಿ ಓದಲು ಬರುತ್ತಿರಲಿಲ್ಲವೆಂದು ಆತನ ಮನೆಯವರೇ ಮುಂದೆ ನೆನೆದಿದ್ದಾರೆ. ಅಕ್ಷರ ಕೈಹಿಡಿಯದ ಹುಡುಗನನ್ನು ಮಂದಬುದ್ಧಿಯವನೆಂದು ತೀರ್ಮಾನಿಸಿಬಿಡುವುದು ಎಲ್ಲ ದೇಶಗಳಲ್ಲಿಯೂ ಸುಲಭ. ಅಂಥ ತೀರ್ಮಾನ ಎಷ್ಟು ತಪ್ಪಾಗಬಲ್ಲದೆಂಬುದಕ್ಕೆ ಈತನ ಮುಂದಿನ ಬಾಳೇ ಸಾಕ್ಷಿ.

ಹೈಗೇಟ್ ಶಾಲೆಯಲ್ಲಿ ಓದು ಮುಗಿಸಿದ ಬ್ಲೂಮ್ಲೈನನಿಗೆ ಲಂಡನ್ನಿನ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ದೊರೆಯಿತು. ಆತನನ್ನು ನೇರವಾಗಿ ಎರಡನೆಯ ವರ್ಷದ ತರಗತಿಗೆ ಸೇರಿಸಿಕೊಂಡರು. 1923ರಲ್ಲಿ ಮೊದಲನೆಯ ದರ್ಜೆಯಲ್ಲಿ ಬಿ.ಎಸ್ಸಿ. ಪದವಿ ಪಡೆದನು. ಮರುವರ್ಷ ಟೆಲಿಫೋನಿನ ಕೆಲಸ ಮಾಡುವ ಕಂಪನಿಯೊಂದನ್ನು ಸೇರಿದನು. ದೂರದೂರಿಗೆ ಹೋಗುವ ಟೆಲಿಫೋನ್ ಕೇಬಲುಗಳಲ್ಲಿ ಆಗ ಒಂದು ದೊಡ್ಡ ದೋಷವಿದ್ದಿತು. ಒಂದು ಜೋಡಿ ತಂತಿಯಲ್ಲಿ ಹೋಗುವ ಮಾತು ಪಕ್ಕದ ಜೋಡಿಗೆ ಸೋರಿ, ಒಬ್ಬರ ಸಂಭಾಷಣೆ ಇನ್ನೊಬ್ಬರಿಗೆ ಕೇಳಿಸುತ್ತಿತ್ತು. ಈ ಸೋರಿಕೆಯನ್ನು ಅಳೆಯುವ ಉಪಕರಣವನ್ನೂ, ಅದನ್ನು ತಗ್ಗಿಸುವ ಸುರುಳಿಗಳನ್ನೂ ರೂಪಿಸುವುದರಲ್ಲಿ ಬ್ಲೂಮ್ಲೈನ್ ಹೆಸರು ಪಡೆದನು. ಜೋಡಿ ತಂತಿಗಳ ಸಮತೋಲವೇ ಎಲ್ಲಕ್ಕೂ ಮೂಲವೆಂಬುದು ಆತನಿಗೆ ಈ ಕೆಲಸದಲ್ಲಿಯೇ ಮನದಟ್ಟಾಗಿರಬೇಕು. ಏಕೆಂದರೆ ಮುಂದೆ ಆತನು ಮಾಡಿದ ಬಹುಪಾಲು ಶೋಧನೆಗಳಲ್ಲಿ ಇದೇ ತತ್ತ್ವ ಬೇರೆಬೇರೆ ವೇಷದಲ್ಲಿ ಕಾಣಿಸುತ್ತದೆ.

1929ರಲ್ಲಿ ಆತನು ಆ ಕೆಲಸ ಬಿಟ್ಟು ಕೊಲಂಬಿಯಾ ಗ್ರಾಮಫೋನ್ ತಟ್ಟೆಗಳ ಕಂಪನಿಯನ್ನು ಸೇರಿದನು. ಅಲ್ಲಿ ಐಸಾಕ್ ಷೋನ್‌ಬರ್ಗ್ ಎಂಬ, ರಷ್ಯಾದಿಂದ ಬಂದ ದಕ್ಷ ಇಂಜಿನಿಯರನು ಮೇಲ್ವಿಚಾರಕನಾಗಿದ್ದನು. ಗ್ರಾಮಫೋನಿನ ಚರಿತ್ರೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. 1925ರವರೆಗೆ ಗಾಯಕರು ಒಂದು ದೊಡ್ಡ ಕಹಳೆಯ ಬಾಯಿಗೆ ಹಾಡುತ್ತಿದ್ದರು. ಅವರ ದನಿಯ ಬಲದಿಂದಲೇ ಸೂಜಿ ಅಲುಗಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ಕೆಳಗಿನ ಸ್ವರಗಳು ಅದರಲ್ಲಿ ಮೂಡುತ್ತಲೇ ಇರಲಿಲ್ಲವಾದ್ದರಿಂದ ಹಾಡೆಲ್ಲ ಮೂಗಿನಿಂದ ಬಂದಂತೆ ಕೇಳುತ್ತಿತ್ತು. 1925ರಲ್ಲಿ ಅಮೆರಿಕದವರು ಮೈಕು ಮತ್ತು ವಿದ್ಯುತ್ತಿನ ಸಹಾಯದಿಂದ ಧ್ವನಿ ಮುದ್ರಿಸುವ ವಿಧಾನವನ್ನು ಬಳಕೆಗೆ ತಂದರು. ದನಿ ಎಷ್ಟೋ ತುಂಬಿಕೊಂಡಿತು. ಆದರೆ ಆ ವಿಧಾನದಲ್ಲಿ ಮಾಡಿದ ತಟ್ಟೆಗಳಿಗೆ ಅದರ ಒಡೆಯರಿಗೆ ರಾಜಧನ ಕಟ್ಟಬೇಕಾಗಿತ್ತು. ಅವರ ಹಕ್ಕುಪತ್ರಗಳಲ್ಲಿ ಯಾವುದಕ್ಕೂ ತಾಗದ ಬೇರೊಂದು ಮಾರ್ಗವನ್ನು ಕಂಡುಹಿಡಿಯುವುದೇ ಬ್ಲೂಮ್ಲೈನನಿಗೆ ಷೋನ್‌ಬರ್ಗ್ ಒಪ್ಪಿಸಿದ ಮೊದಲ ಕೆಲಸ. ಹರ್ಬರ್ಟ್ ಹೋಲ್ಮನ್ ಮೊದಲಾದ ಜೊತೆಗಾರರೊಡನೆ ಆತನು ಕಾಂತದ ನಡುವೆ ಚಲಿಸುವ ತಂತಿಸುರುಳಿಯಿಂದ ನಡೆಯುವ ಕೊರೆಯುವ ಯಂತ್ರವನ್ನೂ, ಅದೇ ತತ್ತ್ವದ ಮೈಕನ್ನೂ ನಿರ್ಮಿಸಿದನು. ಹಳೆಯದನ್ನು ತಪ್ಪಿಸಿಕೊಳ್ಳಲು ಮಾಡಿದ ಈ ಹೊಸ ಯಂತ್ರವು ಹಳೆಯದಕ್ಕಿಂತಲೂ ಉತ್ತಮವಾಗಿತ್ತು.

1931ರಲ್ಲಿ ಕೊಲಂಬಿಯಾ ಕಂಪನಿಯೂ, ಹಾಡು ಕೇಳುತ್ತ ಕುಳಿತ ನಾಯಿಯ ಚಿತ್ರದ ತಟ್ಟೆಗಳನ್ನು ಮಾಡುತ್ತಿದ್ದ ಗ್ರಾಮಫೋನ್ ಕಂಪನಿಯೂ ಕೂಡಿ ಇ.ಎಂ.ಐ. ಎಂಬ ಸಂಸ್ಥೆಯಾದುವು. ಆ ನಾಯಿಯ ಗುರುತಿನ ತಟ್ಟೆಗಳು ನಮ್ಮ ನಾಡಿನ ಹಳೆಯ ಮನೆಗಳಲ್ಲಿ ಈಗಲೂ ಅಲ್ಲಲ್ಲಿ ಇವೆ. ಮನಸೂರರ ಕಂಠವೂ ಮೊದಮೊದಲು ಅದೇ ಗುರುತಿನ ತಟ್ಟೆಗಳಲ್ಲಿ ಜನರ ಮನೆಗೆ ಬಂದದ್ದು.

ಇದೇ 1931ರಲ್ಲಿ ಒಂದು ದಿನ ಬ್ಲೂಮ್ಲೈನ್, ಮುಂದೆ ತನ್ನ ಪತ್ನಿಯಾಗಲಿದ್ದ ಡೊರೀನಳೊಡನೆ ಸಿನಿಮಾ ನೋಡಲು ಹೋಗಿದ್ದನು. ಮಾತನಾಡುವ ಚಿತ್ರಗಳು ಆಗ ಹೊಸವು. ಪರದೆಯ ಮೇಲೆ ನಟನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದುಹೋದರೂ ಆತನ ಮಾತು ಮಾತ್ರ ಇದ್ದಲ್ಲಿಂದಲೇ ಬರುತ್ತಿತ್ತು. ಪ್ರೇಕ್ಷಕರೆಲ್ಲರೂ ಅದನ್ನು ಒಪ್ಪಿಕೊಂಡು ಕುಳಿತಿದ್ದರು. ಬ್ಲೂಮ್ಲೈನ್ ಒಪ್ಪಲಿಲ್ಲ. ಧ್ವನಿಯೂ ಮನುಷ್ಯನ ಹಿಂದೆಯೇ ನಡೆಯುವಂತೆ ಮಾಡುವ ಉಪಾಯ ತನಗೆ ಹೊಳೆದಿದೆಯೆಂದು ಡೊರೀನಳಿಗೆ ತಿಳಿಸಿದನಂತೆ. ಕಿವಿಗೆ ಏನೋ ಕೊರತೆಯೆನಿಸಿದಾಗ ಆತನು ಕಿವಿಯನ್ನು ಸಂಶಯಿಸದೆ ಯಂತ್ರವನ್ನು ಸಂಶಯಿಸಿದನು. ಆತನ ಹಿರಿಮೆಯೆಲ್ಲ ಇದರಲ್ಲಿದೆಯೆಂದು ನನ್ನ ಎಣಿಕೆ.

ನಮಗೆ ಎರಡು ಕಿವಿಗಳಿರುವುದು ಅಲಂಕಾರಕ್ಕಲ್ಲ. ಎಡದಿಂದ ಬಂದ ಸದ್ದು ಎಡಗಿವಿಯನ್ನು ತುಸು ಮುಂಚೆ ತಲಪುತ್ತದೆ. ಬಲಗಿವಿಯನ್ನು ತುಸು ತಡವಾಗಿ, ತುಸು ಕುಂದಿ ತಲಪುತ್ತದೆ. ಈ ಸಣ್ಣ ಅಂತರದಿಂದಲೇ ಸದ್ದಿನ ನೆಲೆಯನ್ನು ಮನಸ್ಸು ಗುರುತಿಸುತ್ತದೆ. ಒಂದೇ ಮೈಕು, ಒಂದೇ ಸ್ಪೀಕರು ಇರುವಲ್ಲಿ ಈ ಅಂತರ ಅಳಿಸಿಹೋಗುತ್ತದೆ. ಆದುದರಿಂದ ಎರಡು ಮೈಕುಗಳಿಂದ ಧ್ವನಿಯನ್ನು ಹಿಡಿದು, ಎರಡು ದಾರಿಗಳಲ್ಲಿ ಸಾಗಿಸಿ, ಎರಡು ಸ್ಪೀಕರುಗಳಿಂದ ಹೊರಡಿಸುವ ಸಂಪೂರ್ಣ ವ್ಯವಸ್ಥೆಯೊಂದನ್ನು ಬ್ಲೂಮ್ಲೈನ್ ಯೋಚಿಸಿದನು. 1931ನೆಯ ಡಿಸೆಂಬರ್ 14ರಂದು ಅದರ ಹಕ್ಕುಪತ್ರಕ್ಕೆ ಅರ್ಜಿ ಸಲ್ಲಿಸಿದನು. 1933ರಲ್ಲಿ ಅದು ಮಂಜೂರಾಯಿತು. ನಾವು ಈಗ ಸ್ಟೀರಿಯೊ ಎನ್ನುವುದಕ್ಕೆ ಅಡಿಗಲ್ಲು ಈ ಪತ್ರ. ಆಗ ಆತನ ವಯಸ್ಸು ಇಪ್ಪತ್ತೆಂಟು.

ಈ ಪತ್ರದಲ್ಲಿ ಎಪ್ಪತ್ತು ಹಕ್ಕುಗಳನ್ನು ನಮೂದಿಸಲಾಗಿತ್ತು. ಅವುಗಳಲ್ಲಿ ಒಂದನ್ನಾದರೂ ಇಲ್ಲಿ ವಿವರಿಸಬೇಕು. ತಟ್ಟೆಯ ಗೆರೆ ಒಂದೇ. ಅದರಲ್ಲಿ ಎರಡು ಧ್ವನಿಗಳನ್ನು ಬರೆಯುವುದು ಹೇಗೆ? ಗೆರೆಗೆ ಎರಡು ಗೋಡೆಗಳಿವೆಯಷ್ಟೆ. ಒಂದೊಂದು ಗೋಡೆಯನ್ನೂ ತಟ್ಟೆಯ ಮೈಗೆ 45 ಅಂಶ ಓರೆಯಾಗಿಸಿ, ಎಡದ ಧ್ವನಿಯನ್ನು ಒಂದರಲ್ಲಿಯೂ ಬಲದ ಧ್ವನಿಯನ್ನು ಇನ್ನೊಂದರಲ್ಲಿಯೂ ಕೊರೆಯಬಹುದೆಂದು ಆತನು ತೋರಿಸಿದನು. ಹೀಗೆ ಮಾಡಿದಾಗ ಎರಡು ಧ್ವನಿಗಳಲ್ಲಿ ಸಮಾನವಾಗಿರುವ ಅಂಶ, ಎಂದರೆ ಅವುಗಳ ಮೊತ್ತ, ಸೂಜಿಯನ್ನು ಅಡ್ಡಲಾಗಿ ಆಡಿಸುತ್ತದೆ. ಅವುಗಳ ವ್ಯತ್ಯಾಸ ಸೂಜಿಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತದೆ. ಮೊತ್ತ ಮತ್ತು ವ್ಯತ್ಯಾಸ: ಇವೆರಡನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಮನೆಯ ಡಗ್ಗ ಮರೆಯಾದುದರ ಗುಟ್ಟು ಇಲ್ಲಿಯೇ ಇದೆ.

1934ನೆಯ ಜನವರಿ 19ರಂದು ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಥಾಮಸ್ ಬೀಚಮ್ ಎಂಬ ಪ್ರಸಿದ್ಧ ವಾದ್ಯವೃಂದ ನಿರ್ದೇಶಕನು ಮೋಜಾರ್ಟನ ಜುಪಿಟರ್ ಸಿಂಫನಿಯ ಅಭ್ಯಾಸ ನಡೆಸುತ್ತಿದ್ದಾಗ, ಬ್ಲೂಮ್ಲೈನನ ತಂಡದವರು ಈ ವಿಧಾನದಲ್ಲಿ ಅದನ್ನು ಮುದ್ರಿಸಿದರು. 1935ರಲ್ಲಿ ಕೆಲವು ಪರೀಕ್ಷಾ ಚಿತ್ರಗಳನ್ನೂ ತೆಗೆದರು. ನಟರಿಗೆ ಬದಲಾಗಿ ಪ್ರಯೋಗಶಾಲೆಯ ಇಂಜಿನಿಯರುಗಳೇ ಅತ್ತಿತ್ತ ನಡೆಯುತ್ತ ಮಾತನಾಡಿದರು. ಹೇಯ್ಸ್ ಎಂಬ ನಿಲ್ದಾಣದಲ್ಲಿ ರೈಲುಗಾಡಿಗಳು ಸಾಗುವುದನ್ನೂ ಚಿತ್ರಿಸಿದರು. ಬ್ಲೂಮ್ಲೈನನಿಗೆ ಉಗಿಬಂಡಿಗಳೆಂದರೆ ಚಿಕ್ಕಂದಿನಿಂದಲೂ ಪ್ರೀತಿ. ಆದರೆ ಜಗತ್ತಿನಲ್ಲಿ ಆಗ ಹಣದ ಮುಗ್ಗಟ್ಟು. ಇಂಥ ತಟ್ಟೆಗಳನ್ನು ಕೊಳ್ಳುವವರು ಕಾಣಲಿಲ್ಲ. ಸಂಸ್ಥೆಗೆ ಟೆಲಿವಿಷನ್ನಿನ ಕೆಲಸ ಹೆಚ್ಚು ಅವಸರದ್ದಾಗಿ ತೋರಿತು. ಸ್ಟೀರಿಯೊ ಕಪಾಟು ಸೇರಿತು.

ಬ್ಲೂಮ್ಲೈನ್ ಕೊರಗುತ್ತ ಕೂಡಲಿಲ್ಲ. ಒಪ್ಪಿಸಿದ ಹೊಸ ಕೆಲಸಕ್ಕೆ ಕೈಹಾಕಿದನು. ಷೋನ್‌ಬರ್ಗನ ತಂಡ ರೂಪಿಸಿದ 405 ಗೆರೆಗಳ ಟೆಲಿವಿಷನ್ ವ್ಯವಸ್ಥೆಯಲ್ಲಿ ಆತನ ಪಾಲು ದೊಡ್ಡದು. 1936ನೆಯ ನವೆಂಬರ್ 2ರಂದು ಬಿ.ಬಿ.ಸಿ.ಯು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್ಸಿನಿಂದ ಟೆಲಿವಿಷನ್ ಪ್ರಸಾರ ಆರಂಭಿಸಿದಾಗ ಈ ವ್ಯವಸ್ಥೆಯೂ ಬಳಕೆಗೆ ಬಂತು. ಮುಂದೆ ಇದೇ ಉಳಿದುಕೊಂಡಿತು. ಎರಡು ತಂತಿಗಳಲ್ಲಿ ಸಮಾನವಾಗಿ ನುಸುಳಿದ ಗದ್ದಲವನ್ನು ಬಿಟ್ಟು ವ್ಯತ್ಯಾಸವನ್ನು ಮಾತ್ರ ಹಿಗ್ಗಿಸುವ ಒಂದು ಮಂಡಲವನ್ನು ಆತನು 1936ರಲ್ಲಿ ರೂಪಿಸಿದನು. ಅದರ ಸಂತತಿಯೇ ಈಗಿನ ಬಹುತೇಕ ಆಂಪ್ಲಿಫಯರುಗಳ ಬಾಗಿಲಲ್ಲಿ ನಿಂತಿದೆ. ಒಟ್ಟು 128 ಹಕ್ಕುಪತ್ರಗಳಲ್ಲಿ ಆತನ ಹೆಸರಿದೆ. ಸುಮಾರು ಹದಿನೆಂಟು ವರ್ಷಗಳ ದುಡಿಮೆಯಲ್ಲಿ ಇಷ್ಟು ಸಾಧಿಸಿದವರು ವಿರಳ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಕತ್ತಲಲ್ಲಿಯೂ ಮೋಡದ ಮೇಲಿನಿಂದಲೂ ಕೆಳಗಿನ ನೆಲವನ್ನು ವಿಮಾನದವರಿಗೆ ತೋರಿಸತಕ್ಕ ಎಚ್.ಟು.ಎಸ್. ಎಂಬ ರೇಡಾರ್ ಯಂತ್ರದ ನಿರ್ಮಾಣದಲ್ಲಿ ಬ್ಲೂಮ್ಲೈನ್ ತೊಡಗಿದನು. ಸಂಗೀತವನ್ನು ಮನೆಗಳಿಗೆ ತರುವುದಕ್ಕೆ ದುಡಿದ ಕೈ ಈಗ, ಮನೆಗಳ ಮೇಲೆ ಬಾಂಬು ಹಾಕಲು ದಾರಿ ತೋರುವ ಯಂತ್ರಕ್ಕೂ ದುಡಿಯಬೇಕಾಯಿತು. ಯುದ್ಧಕಾಲದ ಈ ವಿಪರ್ಯಾಸವನ್ನು ಮರೆಮಾಚುವುದು ತರವಲ್ಲ. 1942ನೆಯ ಜೂನ್ 7, ಭಾನುವಾರ. ಯಂತ್ರದ ಪರೀಕ್ಷೆಗಾಗಿ ಬ್ಲೂಮ್ಲೈನನೂ ಇತರ ಹತ್ತು ಮಂದಿಯೂ ಡೆಫರ್ಡ್ ವಿಮಾನ ನಿಲ್ದಾಣದಿಂದ ಹ್ಯಾಲಿಫ್ಯಾಕ್ಸ್ ಎಂಬ ವಿಮಾನದಲ್ಲಿ ಹೊರಟರು. ಆಕಾಶದಲ್ಲಿರುವಾಗಲೇ ಬಲಗಡೆಯ ಹೊರ ಎಂಜಿನಿಗೆ ಬೆಂಕಿ ಹತ್ತಿತು. ವೆಲ್ಷ್ ಬಿಕ್ನರ್ ಎಂಬ ಹಳ್ಳಿಯ ಬಳಿ ವಿಮಾನ ನೆಲಕ್ಕೆ ಬಿದ್ದು ಹನ್ನೊಂದು ಮಂದಿಯೂ ಮಡಿದರು. ಎಂಜಿನಿನ ಒಂದು ನಟ್ಟನ್ನು ಸರಿಯಾಗಿ ಬಿಗಿಮಾಡದಿದ್ದುದೇ ಅನರ್ಥಕ್ಕೆ ಮೂಲವೆಂದು ತಿಳಿದುಬಂತು. ಬ್ಲೂಮ್ಲೈನನಿಗೆ ಮೂವತ್ತೊಂಬತ್ತು ತುಂಬಲು ಇನ್ನೂ ಮೂರು ವಾರ ಉಳಿದಿದ್ದುವು. ಹೆಂಡತಿಯನ್ನೂ ಇಬ್ಬರು ಎಳೆಯ ಗಂಡುಮಕ್ಕಳನ್ನೂ ಬಿಟ್ಟು ಹೋದನು.

ಯಂತ್ರದ ವಿಷಯ ಶತ್ರುಗಳಿಗೆ ತಿಳಿಯಬಾರದೆಂದು ಈ ದುರಂತವನ್ನು ಗುಟ್ಟಾಗಿ ಇಡಲಾಯಿತು. ಸಾಮಾನ್ಯನಿಗೂ ಸಲ್ಲುವ ಬಹಿರಂಗ ಶ್ರದ್ಧಾಂಜಲಿ ಆತನಿಗೆ ಆ ಸಮಯದಲ್ಲಿ ಸಲ್ಲಲಿಲ್ಲ. ಹೀಗೆ ಆತನ ಹೆಸರೂ ಕಪಾಟು ಸೇರಿತು. 1957-58ರ ಸುಮಾರಿಗೆ ಸ್ಟೀರಿಯೊ ತಟ್ಟೆಗಳು ಮಾರುಕಟ್ಟೆಗೆ ಬಂದಾಗ ಅವುಗಳ ಗೆರೆಗಳೆಲ್ಲ ಆತನು ಕಾಲು ಶತಮಾನದ ಹಿಂದೆ ಹೇಳಿದಂತೆಯೇ 45 ಅಂಶದ ಗೋಡೆಗಳುಳ್ಳವಾಗಿದ್ದುವು. 1977ರಲ್ಲಿ ಲಂಡನ್ನಿನ ಈಲಿಂಗ್‌ನಲ್ಲಿ ಆತನಿದ್ದ ಮನೆಗೆ ನೀಲಿ ಫಲಕ ಹಾಕಿದರು. 2015ರಲ್ಲಿ ಆಬಿ ರೋಡಿನಲ್ಲಿ ಆತನ ಶೋಧನೆಯ ಸ್ಮರಣಫಲಕವಿಟ್ಟರು. 2017ರಲ್ಲಿ ಸಂಗೀತಲೋಕದ ಗ್ರ್ಯಾಮಿ ಸಂಸ್ಥೆಯವರು ತಾಂತ್ರಿಕ ಗೌರವವನ್ನು ಆತನಿಗೆ ಸಲ್ಲಿಸಿದರು. ಮರಣಾನಂತರ ಎಪ್ಪತ್ತೈದು ವರ್ಷಕ್ಕೆ!

ಇನ್ನು ನಮ್ಮ ಮನೆಯ ಡಗ್ಗಕ್ಕೆ ಬರೋಣ. ಪ್ರತಿಯೊಂದು ಸ್ಪೀಕರಿಗೂ ಪ್ಲಸ್, ಮೈನಸ್ ಎಂದು ಎರಡು ಕೊನೆಗಳಿವೆ. ಎರಡು ಸ್ಪೀಕರುಗಳಿಗೂ ಒಂದೇ ಕ್ರಮದಲ್ಲಿ ತಂತಿ ಸೇರಿಸಿದ್ದರೆ ಇಬ್ಬದಿಯ ಶಂಕುಗಳೂ ಒಟ್ಟಿಗೆ ಮುಂದೆ ಬಂದು ಗಾಳಿಯನ್ನು ನೂಕುತ್ತವೆ. ನಾನು ಒಂದನ್ನು ತಲೆಕೆಳಗು ಮಾಡಿದ್ದೆ. ಒಂದು ನೂಕುವಾಗ ಇನ್ನೊಂದು ಸೆಳೆಯುತ್ತಿತ್ತು. ಒಂದೇ ಹಗ್ಗವನ್ನು ಇಬ್ಬರು ಎದುರುಬದುರಾಗಿ ಎಳೆದಂತೆ, ಎರಡರಲ್ಲಿಯೂ ಸಮಾನವಾಗಿದ್ದ ಧ್ವನಿ ಪರಸ್ಪರ ಹೊಡೆದುಹೋಗಿ ವ್ಯತ್ಯಾಸ ಮಾತ್ರ ಉಳಿಯುತ್ತಿತ್ತು. ಸೆಕೆಂಡಿಗೆ 50 ಸಲ ಕಂಪಿಸುವ ಕೆಳಸ್ವರದ ಅಲೆ ಸುಮಾರು 7 ಮೀಟರ್ ಉದ್ದ. ನಮ್ಮ ಸ್ಪೀಕರುಗಳ ನಡುವಿನ ಅಂತರ ಎರಡು ಮೀಟರು. ಆದುದರಿಂದ ಅಂಥ ಅಲೆಗಳು ಕೋಣೆಯ ಬಹುಭಾಗದಲ್ಲಿ ಒಂದನ್ನೊಂದು ಅಳಿಸಿಬಿಡುತ್ತವೆ. ಸೆಕೆಂಡಿಗೆ 3,400 ಸಲ ಕಂಪಿಸುವ ಮೇಲಿನ ಸ್ವರದ ಅಲೆ ಸುಮಾರು 10 ಸೆಂಟಿಮೀಟರ್ ಮಾತ್ರ. ಅದು ಒಂದೆಡೆ ಅಳಿದರೆ ಪಕ್ಕದಲ್ಲಿಯೇ ಕೂಡಿಕೊಳ್ಳುತ್ತದೆ. ಹೀಗೆ ಡಗ್ಗ ಹೋಗಿ ತಬಲದ ಟಕ್ಕು ಮಾತ್ರ ಉಳಿಯಿತು. ಮನಸೂರರ ಹಳೆಯ ಮುದ್ರಿಕೆಗಳಾದರೋ ಒಂದೇ ಮಾರ್ಗದವು. ಎರಡು ಸ್ಪೀಕರುಗಳಲ್ಲಿಯೂ ಸಮಾನವಾಗಿ ಬರುವಂಥವು. ನಷ್ಟ ಅವುಗಳಿಗೇ ಹೆಚ್ಚು. ಸದ್ದು ಹೆಚ್ಚಿಸಿದರೆ ಅಳಿಸುವ ಬಲವೂ ಅಷ್ಟೇ ಹೆಚ್ಚುವುದರಿಂದ ಗುಂಡಿ ತಿರುಗಿಸಿ ಪ್ರಯೋಜನವಿಲ್ಲ.

ಇದೇ ತೊಂದರೆಯಿರುವವರು ಹಣ ಖರ್ಚು ಮಾಡುವ ಮುನ್ನ ಹೀಗೆ ಪರೀಕ್ಷಿಸಬಹುದು. ಮೊದಲು ಒಬ್ಬರೇ ಹಾಡಿದ ಹಳೆಯ ಹಾಡೊಂದನ್ನು ಹಾಕಿ ಎರಡು ಸ್ಪೀಕರುಗಳಿಂದಲೂ ಸಮದೂರದಲ್ಲಿ ಕುಳಿತು ಕೇಳಬೇಕು. ಕಂಠ ಸರಿಯಾಗಿ ನಡುವಿನಿಂದ ಬಂದರೆ ತಂತಿ ಸರಿಯಿದೆ. ಎತ್ತಲಿಂದಲೋ ಚೆದರಿ ಬಂದರೆ, ಆಂಪ್ಲಿಫಯರನ್ನು ಆರಿಸಿ, ಒಂದು ಸ್ಪೀಕರಿನ ತಂತಿಗಳನ್ನು ಮಾತ್ರ ಅದಲುಬದಲು ಮಾಡಬೇಕು. ಸ್ಪೀಕರಿನ ಕೊನೆಗಳಿಗೆ ಗುರುತು ಇಲ್ಲದಿದ್ದರೆ ಅದನ್ನು ಆಂಪ್ಲಿಫಯರಿನಿಂದ ಬೇರ್ಪಡಿಸಿ, ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಬೇಕು. ದೊಡ್ಡ ಶಂಕು ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ ಕೊನೆಯೇ ಪ್ಲಸ್. ತಂತಿ ಸರಿಯಿದ್ದೂ ದನಿ ತೆಳುವಾಗಿದ್ದರೆ ಸ್ಪೀಕರುಗಳ ಜಾಗ ನೋಡಬೇಕು. ಒಂದನ್ನು ಕಪಾಟಿನ ಮೇಲೆ, ಒಂದನ್ನು ನೆಲದ ಮೇಲೆ ಇಡಬಾರದು. ಎರಡು ಸ್ಪೀಕರುಗಳೂ ಕೇಳುವವನೂ ಸಮಬಾಹು ತ್ರಿಕೋಣದ ಮೂರು ಮೂಲೆಗಳಲ್ಲಿರುವುದು ಒಳ್ಳೆಯದು. ಹಿಂಬದಿಯ ಗೋಡೆಗೆ ಹತ್ತಿರ ತಂದಷ್ಟೂ ಕೆಳಸ್ವರ ಹೆಚ್ಚುತ್ತದೆ. ಹಾಗೆಂದು ಮೂಲೆಗೆ ತಳ್ಳಿದರೆ ಗುಂಯ್‌ಗುಡುತ್ತದೆ. ಗೇಣುಗೇಣಾಗಿ ಸರಿಸಿ ಕೇಳುವುದೇ ದಾರಿ.

ಬ್ಲೂಮ್ಲೈನನ ಬಾಳಿನಿಂದ ಕಲಿಯತಕ್ಕದ್ದು ಬಹಳವಿದೆ. ನನಗೆ ದೊರೆತ ಪಾಠ ಒಂದು. ದನಿಯಲ್ಲಿ ಜೀವವಿಲ್ಲವೆಂದು ನಮ್ಮ ತಂದೆಯವರ ಕಿವಿ ಮೊದಲ ದಿನವೇ ಹೇಳಿತ್ತು. ಓದಿದ ಮಗನು ಜೋಡಿಸಿದ್ದು ತಪ್ಪಿರಲಾರದೆಂದು ನಂಬಿ ಅವರು ತಮ್ಮ ಕಿವಿಯನ್ನೇ ದೂರಿದರು. ನಾನೂ ಹಾಗೆಯೇ ನಂಬಿದ್ದೆನೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಓದು ಬಾರದ ಕಾಲದಲ್ಲಿಯೂ ಬಾಗಿಲ ಗಂಟೆಯನ್ನು ಸರಿಪಡಿಸಿದ ಆ ಹುಡುಗನಾಗಿದ್ದರೆ ಮೊದಲು ತಂತಿಯನ್ನು ನೋಡುತ್ತಿದ್ದನು. ಈಗ ನಮ್ಮ ಮನೆಯಲ್ಲಿ ಸಂಜೆ ಮಗ್ಗ ನಿಂತ ಮೇಲೆ ಹಾಡು ಆರಂಭವಾಗುತ್ತದೆ. ತಂದೆಯವರು ಕಣ್ಣು ಮುಚ್ಚಿ, ಡಗ್ಗದ ಪೆಟ್ಟಿಗೆ ಸರಿಯಾಗಿ ತೊಡೆಯ ಮೇಲೆ ತಾಳ ಹಾಕುತ್ತಾರೆ. ಅವರ ಕಿವಿ ಸವೆದಿಲ್ಲ.